777 ಎಂಬ ಸರ್ವರೋಗ ನಿವಾರಿಣಿ

'ಪರ್ಮಿಶನ್ ಡಿನೈಡ್' ಅಂತ ಕಂಡ ಕೂಡಲೇ ಸಿಎಚ್‌ಮಾಡ್ 777 ಹೊಡೆಯುವವರ ಮೇಲೆ ನನಗೆ ವಿಪರೀತ ಸಿಟ್ಟಿದೆ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಂತೂ ಹೊಸಬರಿಗೆ ಕೊಡುವ ಸೆಟಪ್ ಡಾಕ್ಯುಮೆಂಟಿನಲ್ಲೇ ಇದನ್ನು ಬರೆದಿಟ್ಟಿದ್ದರು! ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಅಂದ್ರೆ ಇದೇ ಸ್ವಾಮಿ.

ರೋಗ ಏನು ಅಂತ ಮೊದಲು ನೋಡೋಣ. ಲಿನಕ್ಸಿನಲ್ಲಿ ಡಾಕರ್ ಕಂಟೈನರುಗಳು ಸಾಮಾನ್ಯವಾಗಿ ನಡೆಯೋದು ಓವರ್‌ಲೇಎಫ್‌ಎಸ್ ಮೇಲೆ. 2014ರಲ್ಲಿ 3.18 ಕರ್ನೆಲ್ ಜೊತೆ ಬಂದದ್ದು ಇದು. ಕೆಳಗಿನ ಪದರಗಳು ಓದಲಿಕ್ಕೆ ಮಾತ್ರ, ಎಲ್ಲಕ್ಕಿಂತ ಮೇಲಿನದು ಬರೆಯಲಿಕ್ಕೆ. ಓಎಚ್‌ಪಿ ಶೀಟುಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ, ಮೇಲಿಂದ ನೋಡಿದರೆ ಒಂದೇ ಚಿತ್ರ. ಕೆಳಗಿನ ಫೈಲನ್ನು ಬದಲಿಸಲು ಹೊರಟರೆ ಮೊದಲು ಅದು ಪೂರ್ತಿಯಾಗಿ ಮೇಲಿನ ಪದರಕ್ಕೆ ನಕಲಾಗುತ್ತದೆ. ಒಳಗಿನ ಒಂದಕ್ಷರವನ್ನೂ ಮುಟ್ಟಬೇಕಿಲ್ಲ, ಮಾಮೂಲಿ ಸೆಟ್ಟಿಂಗಿನಲ್ಲಿ ಅನುಮತಿ ಬದಲಿಸಿದರೂ ಸಾಕು. ಹಾಗಾಗಿ 500 ಎಂಬಿ ಫೋಲ್ಡರನ್ನು ಕಾಪಿ ಮಾಡಿ, ಡಾಕರ್‌ಫೈಲಿನ ಮುಂದಿನ ಸಾಲಿನಲ್ಲಿ 777 ಅಂದರೆ ಇಮೇಜಿಗೆ ಇನ್ನೊಂದು 500 ಎಂಬಿ ಬೊಜ್ಜು! ಕಾಪಿ ಮಾಡುವಾಗಲೇ ಒಡೆಯ ಯಾರು ಅಂತ ಹೇಳುವ ಸೌಲಭ್ಯ ಡಾಕರಿನಲ್ಲಿ 2017ರಿಂದಲೇ ಇದೆ. ಯಾರು ಓದ್ತಾರೆ?

ಇನ್ನು ಹೊರಗಿನ ಫೋಲ್ಡರನ್ನು ಕಂಟೈನರಿಗೆ ಜೋಡಿಸಿದಾಗ ಬರುವ ರಗಳೆ. ಕರ್ನೆಲ್ ನೋಡೋದು ಹೆಸರನ್ನಲ್ಲ, ಯುಐಡಿ ಅನ್ನುವ ಸಂಖ್ಯೆಯನ್ನು. ಫೋಲ್ಡರಿನ ಒಡೆಯ 1001, ಒಳಗಿನ ಪ್ರೋಗ್ರಾಂ ಓಡುತ್ತಿರುವುದು 1000 ಆಗಿ. ಎರಡೂ ಕಡೆ ಬಳಕೆದಾರನ ಹೆಸರು ಒಂದೇ ಇದ್ದರೂ ಬಾಗಿಲು ತೆರೆಯಲ್ಲ. ಮದ್ದು ಅಂದರೆ ಆ ಎರಡು ಸಂಖ್ಯೆಗಳನ್ನು ಹೊಂದಿಸೋದು, ಅಷ್ಟೇ. ಊರಿಗೆಲ್ಲ ಬಾಗಿಲು ತೆರೆದಿಡೋದಲ್ಲ.

"ಅಯ್ಯೋ, ಕಂಟೈನರ್ ಒಳಗೆ ತಾನೇ? ಯಾರು ಬರ್ತಾರೆ ಬಿಡಿ" ಅನ್ನೋ ವಾದ ಬೇರೆ. ಅಲ್ಲ ಸ್ವಾಮಿ, ಜೋಡಿಸಿದ ಫೋಲ್ಡರ್ ಇರೋದು ಹೊರಗೆ! ಅದಕ್ಕೆ 777 ಕೊಟ್ಟರೆ, ಆ ದಾರಿಯವರೆಗೆ ಬರಬಲ್ಲ ಹೊರಗಿನವರೆಲ್ಲರೂ ಬರೆಯಬಹುದು. ಒಳಗಿನ ಗೋಡೆಯಾದರೂ ಗಟ್ಟಿಯೇ? 2015ರಲ್ಲಿ ಉಬುಂಟು ಕರ್ನೆಲ್ಲಿನ ಓವರ್‌ಲೇಎಫ್‌ಎಸ್ ಮೇಲಿನ ಪದರದಲ್ಲಿ ಫೈಲ್ ಸೃಷ್ಟಿಸುವಾಗ ಅನುಮತಿಯನ್ನು ಸರಿಯಾಗಿ ನೋಡುತ್ತಿರಲಿಲ್ಲ. ಸಾಮಾನ್ಯ ಬಳಕೆದಾರ ರೂಟ್ ಆಗಬಹುದಿತ್ತು (ಸಿವಿಇ-2015-1328). 2023ರಲ್ಲಿ ಸೆಟ್‌ಯುಐಡಿ ಫೈಲು ಮೇಲಿನ ಪದರಕ್ಕೆ ನಕಲಾಗುವಾಗ ಮತ್ತೆ ಅದೇ ಕಥೆ (ಸಿವಿಇ-2023-0386). ಬೇಲಿಯೇ ಎದ್ದು ಹೊಲ ಮೇಯ್ದಿರುವ ಚರಿತ್ರೆ ಇರುವಾಗ, ಬೇಲಿ ಇದೆ ಅಂತ ಮನೆ ಬೀಗ ಕಿತ್ತುಹಾಕುವವರಿಗೆ ಏನನ್ನೋಣ?

ಅನುಮತಿ ನಿರಾಕರಣೆ ಅಂದರೆ ಕಂಪ್ಯೂಟರ್ ಕೆಟ್ಟಿದೆ ಅಂತಲ್ಲ. ಅದು ತನ್ನ ಕೆಲಸ ಮಾಡ್ತಿದೆ ಅಂತ. ಮುಂದಿನ ಸಲ 777 ಒತ್ತುವ ಮೊದಲು 'ಎಲ್‌ಎಸ್ -ಎಲ್‌ಎನ್' ಅಂತ ಕೊಟ್ಟು ಆ ಸಂಖ್ಯೆಗಳನ್ನು ಒಮ್ಮೆ ನೋಡಿ. ಎರಡು ನಿಮಿಷದ ಕೆಲಸ.

777 ಪಕ್ಷದವರು ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ, ನಾನು ರೆಡಿ :-)