ಹನ್ನೆರಡು ಇಂಗ್ಲಿಷ್ ಪದಗಳಿಗೆ ಹೆದರಬೇಕೆ?

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಡಿಪ್ಲೊಮಾಕ್ಕೋ ಬಿಸಿಎಗೋ ಸೇರಿದಾಗ ಬೆದರುವುದು ಸಿ ಭಾಷೆಗೆ. ‘ಇಂಗ್ಲಿಷ್ ಇಲ್ಲದೆ ಅದು ತಲೆಗೆ ಹತ್ತೋದಿಲ್ಲ’ ಅಂತ ಪಾಲಕರೂ ನಂಬಿಬಿಟ್ಟಿದ್ದಾರೆ. ನಾನಂತೂ ಇದನ್ನು ಒಪ್ಪುವುದಿಲ್ಲ.

ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಈ ಭಾಷೆಗೆ 1989ರ ಪ್ರಮಾಣಕದಲ್ಲಿ ಇದ್ದ ಮೀಸಲು ಪದಗಳು ಬರೇ 32. ಅವುಗಳಲ್ಲಿ ಕೆಲಸದ ದಾರಿಯನ್ನು ನಿಯಂತ್ರಿಸುವ ಪದಗಳು 12: ಇಫ್, ಎಲ್ಸ್, ಸ್ವಿಚ್, ಕೇಸ್, ಡಿಫಾಲ್ಟ್, ಫಾರ್, ವೈಲ್, ಡೂ, ಬ್ರೇಕ್, ಕಂಟಿನ್ಯೂ, ಗೋಟು, ರಿಟರ್ನ್. ಹನ್ನೆರಡು ಪದ ಕಲಿಯಲು ಎಷ್ಟು ದಿನ ಬೇಕು?

ಕಷ್ಟ ಇರುವುದು ಪದದಲ್ಲಲ್ಲ, ಯೋಚನೆಯಲ್ಲಿ. ಆ ಯೋಚನೆ ನಮ್ಮ ಮಕ್ಕಳಿಗೆ ಹೊಸತೇನಲ್ಲ. ಜುವಾರಿ ಸೇತುವೆ ದಾಟಿ ಕೊರ್ತಾಲಿಮ್‌ಗೆ ಬಂದರೆ ದಾರಿ ಕವಲೊಡೆಯುತ್ತದೆ. ವಾಸ್ಕೋಗೆ ಹೋಗುವುದಾದರೆ ಒಂದು ರಸ್ತೆ, ಇಲ್ಲದಿದ್ದರೆ ಮಡಗಾಂವ್ ರಸ್ತೆ. ಇದೇ ಇಫ್–ಎಲ್ಸ್. ಏಳರ ಮಗ್ಗಿಯನ್ನು ಒಂದರಿಂದ ಹತ್ತರವರೆಗೆ ಬರೆಯುವುದು ಫಾರ್. ಫೆರಿಯಲ್ಲಿ ಜಾಗ ಇರುವವರೆಗೆ ಗಾಡಿ ಹತ್ತಿಸುವುದು ವೈಲ್.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ‘ಜಾಗ ಇರುವವರೆಗೆ ಹತ್ತಿಸು’ ಎಂದರೆ ಷರತ್ತು ನಿಜವಾಗಿರುವಷ್ಟು ಕಾಲ ಕೆಲಸ ನಡೆಯುತ್ತದೆ. ‘ಫೆರಿ ಬರುವವರೆಗೆ ಕಾಯಿ’ ಎಂದರೆ ಷರತ್ತು ನಿಜವಾದ ಕೂಡಲೇ ಕೆಲಸ ನಿಲ್ಲುತ್ತದೆ. ಎರಡಕ್ಕೂ ನಮ್ಮಲ್ಲಿ ‘ವರೆಗೆ’ ಒಂದೇ! ಸಿ ಭಾಷೆಯ ವೈಲ್‌ಗೆ ಮೊದಲನೆಯ ಅರ್ಥ ಮಾತ್ರ ಗೊತ್ತು. ಹಾಗಾಗಿ ಎರಡನೆಯದನ್ನು ‘ಫೆರಿ ಬಾರದೆ ಇರುವವರೆಗೆ ಕಾಯಿ’ ಎಂದು ತಿರುಗಿಸಿ ಬರೆಯಬೇಕು. ಈ ವ್ಯತ್ಯಾಸವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಮಾತ್ರ ನಮ್ಮ ಮಕ್ಕಳಿಗೆ ಹೊಳೆಯುತ್ತದೆ.

ಇಂಗ್ಲಿಷ್ ಬಂದರೆ ತಪ್ಪೇ ಆಗದು ಅನ್ನುವವರು 1990ರ ಜನವರಿ 15ನ್ನು ನೆನಪಿಸಿಕೊಳ್ಳಲಿ. ಅಂದು ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಸುಮಾರು ಒಂಬತ್ತು ಗಂಟೆ ಕುಸಿದುಬಿತ್ತು. ಕಾರಣ, ಸಿ ಭಾಷೆಯ ಒಂದು ಬ್ರೇಕ್. ಇಫ್‌ನ ಒಳಗಿದ್ದ ಆ ಬ್ರೇಕ್, ಸುತ್ತಲಿನ ಇಡೀ ಸ್ವಿಚ್‌ನಿಂದಲೇ ಹೊರಗೆ ಹಾರಿಸಿಬಿಟ್ಟಿತ್ತು. ಬರೆದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ?

ಮುಂದೆ ಪುಸ್ತಕ ಓದಲು, ದೋಷದ ಸಂದೇಶ ತಿಳಿಯಲು ಇಂಗ್ಲಿಷ್ ಬೇಕು, ನಿಜ. ಅದನ್ನೂ ಕಲಿಸೋಣ. ಆದರೆ ಅದನ್ನೇ ಬಾಗಿಲ ಬೀಗ ಮಾಡುವುದು ಬೇಡ. ಎಂಟು, ಒಂಬತ್ತನೇ ತರಗತಿಯಲ್ಲೇ ಮಕ್ಕಳು ಹಂತಗಳನ್ನು ಕನ್ನಡದಲ್ಲಿ ಬರೆಯಲಿ. ಪ್ರತಿ ಸುತ್ತಿನಲ್ಲಿ ಬೆಲೆ ಎಷ್ಟಾಯಿತು ಎಂದು ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿ ನೋಡಲಿ. ಆಮೇಲೆ ಆ ಹನ್ನೆರಡು ಪದ ಸೇರಿಸಿದರಾಯಿತು. ಇದಕ್ಕೆ ಕಂಪ್ಯೂಟರ್ ಕೂಡ ಬೇಕಿಲ್ಲ, ಕರಿಹಲಗೆ ಸಾಕು. ನಮ್ಮ ಶಾಲೆಗಳಲ್ಲಿ ಇದನ್ನು ಶುರು ಮಾಡಬಹುದಲ್ಲವೇ? ನೀವೇನಂತೀರಿ?