ಕಾರಿಗೂ ಒಂದು ಹೊಸ್ತಿಲ ಇರ್ತದ

ಈ ಸಲ ಏನು ಬರೀತೀ ಅಂತ ನಮ್ಮ ಮಾವಶಿ ಫೋನ್ ಮಾಡಿ ಕೇಳಿದ್ರು. ಕಾರಿನ ಬಗ್ಗೆ ಅಂದೆ. "ಅಯ್ಯ, ಅದೇನು ಹೆಣ್ಮಕ್ಕಳ ಮಾತೇನವಾ! ಮಾವಿನಕಾಯಿ ಬಂದಾವ, ಗುರೆಳ್ಳು ಚಟ್ನಿ ಅದ, ಅದನ್ನ ಬಿಟ್ಟು..." ಅಂತ ನಕ್ಕರು. ನಗವಲ್ರ್ಯಾಕ. ಆದ್ರ ಪೂರ್ತಿ ಓದಿದ ಮ್ಯಾಲೆ ಇದು ಹೆಣ್ಮಕ್ಕಳ ಮಾತು ಹೌದೋ ಅಲ್ಲೋ ನೀವೇ ಹೇಳ್ರಿ.

ನನಗ ಸಣ್ಣಾಕಿ ಇದ್ದಾಗಿಂದ ಕಾರಿನ ಹುಚ್ಚು. ನಮ್ಮ ಅಪ್ಪನ ಪ್ರೀಮಿಯರ್ ಪದ್ಮಿನಿ ಇತ್ತಲ್ಲ, ಸ್ಟಿಯರಿಂಗ್ ಬಾಜೂಕ ಗೇರ್ ಇರೋದು, ಅದರ ಮ್ಯಾಲೇ ನಾ ಗಾಡಿ ಕಲತಾಕಿ. ಇವತ್ತಿಗೂ ರೋಡಿನಾಗ ಮುಂದ ಹೋಗೋ ಕಾರಿನ ದೀಪ ನೋಡಿ, ಯಾವ ಕಾರು, ಹಳೇದೋ ಹೊಸಾದೋ ಹೇಳ್ತೀನಿ. ಮಗ್ಗಲದಾಗ ಕೂತ ಮನಿಯವರಿಗೆ ಸಿಟ್ಟು ಬರ್ತದ, ಅದು ಬ್ಯಾರೆ ಮಾತು.

ಹೋದ ದಸರಾಕ್ಕ ನಮ್ಮ ಮನಿಗೆ ಹೊಸಾ ಕಾರು ಬಂತು. ಅಪ್ಪ-ಮಗ ಇಬ್ಬರೂ ಕೂಡಿ ಮೂರು ತಿಂಗಳು ವಿಡಿಯೋ ನೋಡಿ ಆರಿಸಿದ್ದು. ದೊಡ್ಡದು, ಎತ್ತರ, ಮುಂದಿನ ಮಾರಿ ನೋಡಿದ್ರ ಗುದ್ದಲಿಕ್ಕೆ ಬಂದ ಎತ್ತಿನಂಗ. ಮ್ಯಾಲೆ ತಗಿಯೋ ಗಾಜು, ಒಳಗ ಟಿವಿಯಷ್ಟು ಸ್ಕ್ರೀನು. ಇಷ್ಟು ಹುಚ್ಚು ಇರೋ ನನ್ನ ಕೇಳಿದ್ದು ಏನು ಗೊತ್ತೇನು? ಬಣ್ಣ. ನಾನೂ ಖುಷಿಲೇ ಬಿಳೇದು ಅಂದೆ, ಬಾಯಿ ಮುಚ್ಚಿಕೊಂಡೆ. ನಂದೂ ತಪ್ಪದ.

ನಮ್ಮ ಅತ್ತಿಯವರು ನಿಮಗೆಲ್ಲಾ ಗೊತ್ತು. ಶನಿವಾರ ಬಂತಂದ್ರ ನುಗ್ಗಿಕೇರಿ ಹನಮಪ್ಪನ ಗುಡಿಗೆ ಹೋಗದ ಬಾಯಾಗ ನೀರು ಹಾಕಂಗಿಲ್ಲ. ಹೊಸಾ ಕಾರು ಬಂದು ಎರಡು ವಾರ ಹೋದ್ರು. ಮೂರನೇ ವಾರ "ಮೊಣಕಾಲು ಹಿಡದಾವ" ಅಂದ್ರು. ನಾಲ್ಕನೇ ವಾರ "ಬಿಸಿಲು ಭಾಳ ಅದ." ಆಮ್ಯಾಲೆ "ನೀವು ಹೋಗಿ ಬರ್ರಿ, ಮನಿ ಕಾಯಾಕ ಒಬ್ಬರು ಬೇಕಲ್ಲ." ಎರಡು ತಿಂಗಳು ಹಿಂಗ ನಡೀತು. ವಯಸ್ಸಾತು, ಇರ್ತದ ಅಂತ ನಾವೂ ಸುಮ್ಮನಾದ್ವಿ.

ಒಂದಿನ ಇಬ್ಬರೂ ಕೂತು ಮೆಂತೇಪಲ್ಯ ಸೋಸಲಿಕ್ಕೆ ಹತ್ತಿದ್ವಿ. ಆವಾಗ ಬಾಯಿಬಿಟ್ರು. "ಆ ದಿನ ಗುಡಿ ಮುಂದ ಅಷ್ಟು ಮಂದಿ ನಿಂತಿದ್ರು. ನನಗ ಕಾಲು ಎತ್ತಿಡಲಿಕ್ಕೆ ಬರಲಿಲ್ಲ, ನಿರಗಿ ಕಾಲಿಗೆ ಸಿಕ್ಕಿತು. ಮೊಮ್ಮಗ ನಡಾ ಹಿಡದು ಜೋಳದ ಚೀಲ ಎತ್ತಿದಂಗ ಎತ್ತಿ ಒಳಗ ಹಾಕಿದ. ಹನಮಪ್ಪ ಮನ್ಯಾಗೂ ಇದ್ದಾನ ತೊಗೋವಾ."

ನನಗ ಎದಿ ಝಲ್ ಅಂತು. ಹುಡುಗಂದು ಏನೂ ತಪ್ಪಿಲ್ಲ, ಪ್ರೀತಿಲೇ ಎತ್ತ್ಯಾನ. ಆದ್ರ ಎಪ್ಪತ್ನಾಲ್ಕು ವರ್ಷ ತನ್ನ ಕಾಲ ಮ್ಯಾಲೆ ತಾನು ಗುಡಿಗೆ ಹೋದಾಕಿಗೆ ಅದು ಹೆಂಗ ಆಗಿರ್ಬೇಕು?

ಅವತ್ತ ಸಂಜೀಗೆ ಹೊಲಿಗಿ ಟೇಪು ತೊಗೊಂಡು ಹೋಗಿ ಕಾರು ಅಳದೆ. ನಮ್ಮ ಹಳೇ ವ್ಯಾಗನ್ ಆರ್ ಈಗ ಮೈದುನನ ಮನ್ಯಾಗ ಅದ, ಅದನ್ನೂ ಅಳದು ಬಂದೆ. ಕಾರಿಗೂ ಒಂದು ಹೊಸ್ತಿಲ ಇರ್ತದ್ರೀ, ಬಾಗಲಾ ತಗದ್ರ ಕೆಳಗ ಕಾಲು ದಾಟಿಸೋ ಅಂಚು. ಹಳೇದರಾಗ ಅದು ನೆಲದಿಂದ 14 ಇಂಚು, ಹೊಸಾದರಾಗ 19. ಸೀಟು ಹಳೇದರಾಗ 25 ಇಂಚು, ಹೊಸಾದರಾಗ 30. ಹಳೇದರಾಗ ಅತ್ತಿಯವರು ಬೆನ್ನು ತಿರುಗಿಸಿ ಸೀಟಿನ ಮ್ಯಾಲೆ ಕೂತು, ಆಮ್ಯಾಲೆ ಕಾಲು ಒಳಗ ತೊಗೋತಿದ್ರು. ಹೊಸಾದರಾಗ ಮೊದಲ ಹತ್ತಬೇಕು, ಆಮ್ಯಾಲೆ ಕೂಡಬೇಕು. ಐದೇ ಇಂಚು. ಆ ಐದು ಇಂಚಿನಾಗ ಅವರ ಶನಿವಾರ ಹೋಗಿತ್ತು.

ಕಾರು ಮಾಡೋ ಎಂಜಿನಿಯರುಗಳಿಗೆ ಇದು ಗೊತ್ತಿಲ್ಲಂತಲ್ಲ. ಕೂತ ಮನಷ್ಯಾನ ಟೊಂಕದ ಕೀಲು ಎಲ್ಲಿ ಬರ್ತದ ಅನ್ನೋದಕ್ಕ ಅವರು ಎಚ್-ಪಾಯಿಂಟ್ ಅಂತಾರ. ಕಾರಿನ ಒಳಗಿನ ನಕ್ಷೆ ಬಿಡಿಸಬೇಕಾದ್ರ ಅದೇ ಮೂಲ. ಜಪಾನಿನಾಗ ಸಣ್ಣ ಕಾರು ಇಷ್ಟೇ ಉದ್ದ, ಇಷ್ಟೇ ಅಗಲ ಇರಬೇಕು ಅಂತ ಕಾನೂನು ಅದ. ಅದಕ್ಕ ಸುಜುಕಿಯವರು 1993ರಾಗ ಕಾರನ್ನ ಮ್ಯಾಲಕ್ಕ ಬೆಳಸಿದ್ರು, ಖುರ್ಚಿ ಮ್ಯಾಲೆ ಕೂತಂಗ ನೆಟ್ಟಗ ಕೂಡೋ ಸೀಟು ಇಟ್ರು. ಅದೇ ವ್ಯಾಗನ್ ಆರ್. ನಮ್ಮ ದೇಶಕ್ಕ ಇಂಥಾ ಎತ್ತರದ ಸಣ್ಣ ಕಾರು ಬಂದದ್ದು 1998ರಾಗ ಸ್ಯಾಂಟ್ರೋ, 1999ರಾಗ ವ್ಯಾಗನ್ ಆರ್. "ಏನಿದು, ಹಿಟ್ಟಿನ ಡಬ್ಬಿ" ಅಂತ ಮಂದಿ ನಕ್ಕಿದ್ದು ನನಗ ನೆನಪದ. ಆ ಡಬ್ಬಿಯೊಳಗ ಸೀಟು ಎತ್ತರ, ಹೊಸ್ತಿಲ ತಗ್ಗು. ಈಗಿನ ಫ್ಯಾಶನ್ ಕಾರಿನಾಗ ಹೊಸ್ತಿಲಾನೂ ಸೀಟಿನ ಕೂಡ ಮ್ಯಾಲೆ ಹೋಗ್ಯದ. ಎರಡೂ ಎತ್ತರನ, ಆದ್ರ ಒಂದು ಮೊಣಕಾಲಿಗೆ ಅನುಕೂಲ, ಇನ್ನೊಂದು ನೋಡೋರ ಕಣ್ಣಿಗೆ.

"ನಮ್ಮ ರೋಡಿನ ತಗ್ಗು, ಹಂಪು ನೋಡಿದಿಯೇನು? ಎತ್ತರ ಬೇಕಾಗ್ತದ" ಅಂತಾರ ಮನಿಯವರು. ಖರೆ ಅದ. ನಾನೂ ಅದನ್ನ ಹೊಡೀತೀನಿ, ಮ್ಯಾಲೆ ಕೂತು ರೋಡು ದೂರದ ತನಕ ಕಾಣೋದು ನನಗೂ ಸೇರ್ತದ. ಆದ್ರ ಹಳೇ ಕಾರಿನಾಗ ಹದಿನಾಲ್ಕು ವರ್ಷ ಇದೇ ಧಾರವಾಡದ ರೋಡಿನಾಗ ಓಡ್ಯಾಡಿವಿ, ಒಮ್ಮೆನೂ ಕೆಳಗ ಸಿಕ್ಕೊಂಡು ನಿಂತಿಲ್ಲ.

ಹಂಗಾರ ಹೆಣ್ಮಕ್ಕಳ ಸಲುವಾಗಿ ಬ್ಯಾರೆ ಕಾರು ಬೇಕೇನು? ಬ್ಯಾಡ್ರೆವಾ. ಅದೂ ಒಮ್ಮೆ ಆಗ್ಯದ. ಅಮೆರಿಕಾದಾಗ 1955ರಾಗ ಡಾಜ್ ಕಂಪನಿಯವರು ಲಾ ಫೆಮ್ ಅಂತ ಒಂದು ಕಾರು ಮಾಡಿದ್ರು. ಗುಲಾಬಿ ಬಣ್ಣ, ಅದಕ್ಕ ಹೊಂದೋ ಕೈಚೀಲ, ಲಿಪ್‌ಸ್ಟಿಕ್ ಡಬ್ಬಿ, ಕೊಡೆ. ಕಾರು ಮಾತ್ರ ಅದೇ ಹಳೇ ಕಾರು. ಎರಡು ವರ್ಷಕ್ಕ ಬಂದಾತು. ನನ್ನ ಬರೇ ಬಣ್ಣ ಕೇಳಿದ್ರಲ್ಲ, ಅದೇ ಕಥಿ.

ಇನ್ನೊಂದು ಕೇಳ್ರಿ. ಸ್ವೀಡನ್ ದೇಶದ ವೋಲ್ವೋ ಕಂಪನಿ ಹೆಣ್ಮಕ್ಕಳ ಒಂದು ತಂಡಕ್ಕೇ ಕಾರಿನ ವಿನ್ಯಾಸ ಒಪ್ಪಿಸ್ತು. 2004ರ ಜಿನೀವಾ ಪ್ರದರ್ಶನದಾಗ ಆ ಕಾರು ಇಟ್ಟಿದ್ರು. ಒಳಗ ಹೋಗಲಿಕ್ಕೆ ಸಲೀಸ ಆಗ್ಲಿ ಅಂತ ಬಾಗಲಾ ಮ್ಯಾಲಕ್ಕ ತಗೀತಿದ್ವು. ತಲಿ ಆನಿಸೋ ದಿಂಬಿನಾಗ ಜುಟ್ಟು ಕೂಡಲಿಕ್ಕೆ ಸಂದು, ಸೀಟಿನ ಹೊದಿಕಿ ಬಿಚ್ಚಿ ಬದಲ ಮಾಡಬಹುದು, ಗಾಜು ತೊಳಿಯೋ ನೀರು ಪೆಟ್ರೋಲ್ ಮುಚ್ಚಳದ ಬಾಜೂನ ಹಾಕೋದು. ಅದನ್ನ ಮಾರಾಟಕ್ಕ ತರಲೇ ಇಲ್ಲ, ತೋರಿಸಿ ಇಟ್ರು. ಆದ್ರ ನೋಡ್ರಿ, ಇದರಾಗ ಗಂಡಸರಿಗೆ ಬ್ಯಾಡಾದದ್ದು ಯಾವುದದ? ಬಾಗಲಾ ಸಲೀಸ ಆದ್ರ ನಮ್ಮ ಮನಿಯವರ ಬೆನ್ನಿಗೂ ಛಲೋನ ಅಲ್ಲೇನು?

ಇನ್ನ ಆ ಸ್ಕ್ರೀನಿನ ವಿಚಾರ. ಕತ್ತಲದಾಗೂ ಗ್ಯಾಸಿನ ಕಿವಿ ನಮ್ಮ ಕೈಗೆ ಸಿಗ್ತದ, ನೋಡೋದೇ ಬ್ಯಾಡ. ಮಳ್ಯಾಗ ಗಾಜಿಗೆ ಮಬ್ಬು ಹಿಡದಾಗ ನಮ್ಮ ಹೊಸಾ ಕಾರಿನಾಗ ರೋಡು ಬಿಟ್ಟು ಸ್ಕ್ರೀನ್ ನೋಡಿ, ಎರಡು ಸಲ ಒತ್ತಿ ಗಾಳಿ ಬಿಡಬೇಕು. ಯುರೋಪಿನಾಗ ಕಾರಿನ ಸುರಕ್ಷತಾ ಪರೀಕ್ಷಾ ಮಾಡೋ ಯುರೋ ಎನ್‌ಕ್ಯಾಪ್‌ನವರು, ಇಂಡಿಕೇಟರ್, ವೈಪರ್, ಹಾರ್ನ್ ಇಂಥವಕ್ಕ ಕೈಗೆ ಹತ್ತೋ ಗುಂಡಿ ಇಲ್ಲಂದ್ರ 2026ರಿಂದ ಪೂರ್ತಿ ಅಂಕ ಕೊಡಂಗಿಲ್ಲ ಅಂತ ನಿಯಮ ಮಾಡ್ಯಾರ. ಶಾಣ್ಯಾರು.

ಅದಕ್ಕ ನನ್ನ ಮಾತು ಇಷ್ಟೇ. ಮನ್ಯಾಗ ಕಾರಿನ ಮಾತು ಎದ್ರ ಚಹಾ ಕೊಟ್ಟು ಒಳಗ ಹೋಗಬ್ಯಾಡ್ರಿ. ಶೋರೂಮಿಗೆ ಹೋಗ್ರಿ, ಅದೂ ಸೀರಿ ಉಟ್ಟು. ಮನ್ಯಾಗ ಎಲ್ಲಾರಕಿಂತ ಹಿರೀಕಿ ಯಾರದಾರ, ಅವರನ್ನ ಕರಕೊಂಡು ಹೋಗ್ರಿ. ಯಾರೂ ಕೈ ಹಿಡೀದೆ ಅವರು ಹಿಂದಿನ ಸೀಟಿಗೆ ಮೂರು ಸಲ ಹತ್ತಿ ಇಳೀಲಿ. ಡಿಕ್ಕಿಯೊಳಗ ಹಿಟ್ಟಿನ ಡಬ್ಬಿ ಎತ್ತಿಡಲಿಕ್ಕೆ ಬರ್ತದೇನು ನೋಡ್ರಿ. ನಿಮಗ ಗಾಡಿ ಬರ್ತದಂದ್ರ ನೀವೇ ಹೊಡದು ನೋಡ್ರಿ, ಕಪಾಟಿನಾಗಿನ ಲೈಸೆನ್ಸ್ ಹೊರಗ ತಗೀರಿ. ಕಂತು ಕಟ್ಟೋದು ಮನಿ ಮಂದಿ ಎಲ್ಲಾರ ರೊಕ್ಕದಾಗ, ಹತ್ತಲಿಕ್ಕೂ ಎಲ್ಲಾರಿಗೂ ಬರಬೇಕು.

ನಮ್ಮ ಕಾರು ಈಗ ಬಂದು ಬಿಟ್ಟದ, ವಾಪಸ್ ಕೊಡಲಿಕ್ಕೆ ಬರಂಗಿಲ್ಲ. ಅಡಿಗಿಮನಿಯ ಹಳೇ ಸಾಗವಾನಿ ಮಣಿ ಇತ್ತಲ್ಲ, ಅದನ್ನ ಡಿಕ್ಕಿಯೊಳಗ ಇಟ್ಟೀನಿ. ಅಷ್ಟು ಲಕ್ಷದ ಕಾರಿಗೆ ಊಟದ ಮಣಿ! ಮಗ ಮೊದಲ ಮಾರಿ ಸಣ್ಣದು ಮಾಡಿದ, ಈಗ ಅವನೇ ಇಳದು ಬಂದು ಮಣಿ ಇಡ್ತಾನ. ಅತ್ತಿಯವರು ಮಣಿ ಮ್ಯಾಲೆ ಒಂದು ಕಾಲು, ಹೊಸ್ತಿಲ ಮ್ಯಾಲೆ ಒಂದು ಕಾಲು ಇಟ್ಟು ತಾವೇ ಹತ್ತತಾರ. ಹೋದ ನಾಲ್ಕು ಶನಿವಾರನೂ ನುಗ್ಗಿಕೇರಿಗೆ ಹೋಗಿ ಬಂದ್ವಿ.

ಈ ಶನಿವಾರ ಬರೋರಿದ್ರ ಹೇಳ್ರಿ. ಹಿಂದಿನ ಸೀಟಿನಾಗ ಇನ್ನೂ ಇಬ್ಬರಿಗೆ ಜಾಗಾ ಅದ.