ನೆಗ್ಗಿಲ ಪುಡಿಯೂ ನೆತ್ತರಿನ ಓಟವೂ

ಜಗಳೂರು ಸೀಮೆಯ ಒಣಹೊಲಗಳಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ನೆಗ್ಗಿಲು ಮುಳ್ಳನ್ನು ಪರಿಚಯಿಸಬೇಕಾಗಿಲ್ಲ. ನೆಲಕ್ಕೆ ಅಂಟಿಕೊಂಡು ಹಬ್ಬುವ ಗಿಡ, ಐದು ಎಸಳಿನ ಪುಟ್ಟ ಹಳದಿ ಹೂ, ಒಣಗಿದ ಮೇಲೆ ಹೋಳುಹೋಳಾಗಿ ಒಡೆಯುವ ಮುಳ್ಳುಕಾಯಿ. ಸೈಕಲ್ ಟ್ಯೂಬಿಗೂ ಅದು ಶತ್ರು. ಸಂಸ್ಕೃತದಲ್ಲಿ ಇದರ ಹೆಸರು ಗೋಕ್ಷುರ. ಸಸ್ಯಶಾಸ್ತ್ರದಲ್ಲಿ ಟ್ರಿಬ್ಯುಲಸ್ ಟೆರೆಸ್ಟ್ರಿಸ್. ರೈತ ಕಳೆ ಎಂದು ಕಿತ್ತೆಸೆಯುವ ಈ ಗಿಡವೇ ಒಣಗಿ, ಪುಡಿಯಾಗಿ, ಬಣ್ಣದ ಪೊಟ್ಟಣ ಸೇರಿದರೆ ‘ಪುರುಷಶಕ್ತಿಗೆ’ ಎಂಬ ಹೆಸರಿನಲ್ಲಿ ನೂರಾರು ರೂಪಾಯಿ ಬೆಲೆ ಪಡೆಯುತ್ತದೆ.

ಚನ್ನಗಿರಿಯಾಗಲಿ, ಹೊನ್ನಾಳಿಯಾಗಲಿ, 2018ರಲ್ಲಿ ತಾಲ್ಲೂಕು ಕೇಂದ್ರವಾದ ನ್ಯಾಮತಿಯಾಗಲಿ, ಬಸ್ಸಿಗೆ ಕಾಯುವವರು ‘ಗುಪ್ತ ಸಮಸ್ಯೆಗೆ ಗ್ಯಾರಂಟಿ ಚಿಕಿತ್ಸೆ’ ಎಂಬ ಬಗೆಯ ಚೀಟಿಯನ್ನು ಎಲ್ಲಾದರೊಂದು ಕಡೆ ಕಂಡೇ ಇರುತ್ತಾರೆ. ಕಾಲೇಜಿಗೆ ಹೋಗುವ ಹುಡುಗರೂ ಅದನ್ನು ಓದುತ್ತಾರೆ. ಹಾಗೆಂದರೇನು ಎಂದು ಕೇಳಿದರೆ ಮನೆಯಲ್ಲಿ ಗದರಿಕೆ, ತರಗತಿಯಲ್ಲಿ ಕಿಸಿಕಿಸಿ ನಗು. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಎಷ್ಟೋ ಕಡೆ ಅದನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವುದೂ ಉಂಟು. ಉಳಿದ ಪಾಠವನ್ನು ಆ ಚೀಟಿ ಹೇಳಿಕೊಡುತ್ತದೆ.

ನಿಮಿರುವಿಕೆ ಎನ್ನುವುದು ಮೂಲತಃ ರಕ್ತದ ಕೆಲಸ. ಶಿಶ್ನದಲ್ಲಿ ಎಲುಬಿಲ್ಲ, ಸ್ಪಂಜಿನಂಥ ಎರಡು ಉದ್ದನೆಯ ಅಂಗಾಂಶಗಳಿವೆ. ಮಿದುಳಿನಿಂದ ಸೂಚನೆ ಬಂದಾಗ ಅಲ್ಲಿನ ನರತುದಿಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಿಡುತ್ತವೆ. ಅದರ ಪ್ರಭಾವದಿಂದ ರಕ್ತನಾಳದ ಗೋಡೆಯ ಸ್ನಾಯುಗಳು ಸಡಿಲಗೊಂಡು ರಕ್ತ ಒಳನುಗ್ಗುತ್ತದೆ. ಸ್ಪಂಜು ಉಬ್ಬಿ, ರಕ್ತ ಹೊರಹೋಗುವ ಸಿರೆಗಳನ್ನು ಒತ್ತಿಹಿಡಿಯುತ್ತದೆ. ನೈಟ್ರಿಕ್ ಆಕ್ಸೈಡ್ ದೇಹದಲ್ಲಿ ಹೀಗೆ ಸುದ್ದಿವಾಹಕನಾಗಿ ದುಡಿಯುತ್ತದೆ ಎಂದು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಎಂಬ ಮೂವರಿಗೆ 1998ರ ವೈದ್ಯಶಾಸ್ತ್ರದ ನೊಬೆಲ್ ಸಂದಿತು. ಅದೇ ವರ್ಷದ ಮಾರ್ಚ್‌ನಲ್ಲಿ, ಎದೆನೋವಿಗೆಂದು ಪರೀಕ್ಷಿಸುತ್ತಿದ್ದಾಗ ಬೇರೆಯೇ ಗುಣ ತೋರಿಸಿದ ಸಿಲ್ಡೆನಾಫಿಲ್ ಎಂಬ ಔಷಧಿಗೆ ಅಮೆರಿಕ ಪರವಾನಗಿ ಕೊಟ್ಟಿತು. ನೈಟ್ರಿಕ್ ಆಕ್ಸೈಡ್ ಆರಂಭಿಸಿದ ಕೆಲಸ ಬೇಗ ನಿಲ್ಲದಂತೆ ಅದು ತಡೆಯುತ್ತದೆ, ಅಷ್ಟೆ.

ರಕ್ತದ ಕೆಲಸ ಎಂದ ಮೇಲೆ ರಕ್ತನಾಳ ಕೆಟ್ಟರೆ ಕೆಲಸವೂ ಕೆಡಬೇಕಲ್ಲವೆ? ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಕುಡಿತ, ಬೊಜ್ಜು ಇವೆಲ್ಲ ಮೊದಲು ಹಾಳುಮಾಡುವುದು ನಾಳಗಳನ್ನು. ಹೃದಯದ ಅಪಧಮನಿ 3–4 ಮಿಲಿಮೀಟರ್ ಅಗಲವಿದ್ದರೆ ಶಿಶ್ನದ ಅಪಧಮನಿ 1–2 ಮಿಲಿಮೀಟರ್. ಸಣ್ಣ ಕೊಳವೆ ಮೊದಲು ಕಟ್ಟಿಕೊಳ್ಳುವುದು ಸಹಜ. ಎಷ್ಟೋ ಗಂಡಸರಲ್ಲಿ ಈ ತೊಂದರೆ ಕಾಣಿಸಿಕೊಂಡ ಎರಡು ಮೂರು ವರ್ಷಗಳಲ್ಲಿ ಹೃದಯದ ಕಾಯಿಲೆ ತಲೆದೋರಿರುವುದನ್ನು ವೈದ್ಯರು ಗಮನಿಸಿದ್ದಾರೆ. ಅಂದರೆ ಐವತ್ತರ ಅಂಚಿನ ಅಪ್ಪ ಯಾರಿಗೂ ಹೇಳದೆ ಪುಡಿ ತಿನ್ನುತ್ತಿದ್ದರೆ, ಆತ ಮುಚ್ಚಿಡುತ್ತಿರುವುದು ಹೃದಯ ಕಳಿಸಿದ ಮೊದಲ ಕಾಗದವೂ ಆಗಿರಬಹುದು. ಇದು ಅಪರೂಪದ ಕಾಯಿಲೆಯೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವಯಸ್ಸಿನವರ ಸಮೀಕ್ಷೆ ನಡೆಸಿ 1994ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ನೂರಕ್ಕೆ 52 ಮಂದಿಗೆ ಸ್ವಲ್ಪವೋ ಹೆಚ್ಚೋ ಈ ತೊಂದರೆ ಇತ್ತು.

ಹಾಗಾದರೆ ಗಿಡಮೂಲಿಕೆಗಳೆಲ್ಲ ಸುಳ್ಳೆ? ಹಾಗೆ ಹೇಳುವುದೂ ದುಡುಕಾಗುತ್ತದೆ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅದಕ್ಕೇ ಒಂದು ಅಧ್ಯಾಯವಿದೆ. ಆದರೆ ಆ ಶಾಸ್ತ್ರವೂ ರೋಗಿಯನ್ನು ನೋಡದೆ ಮದ್ದು ಕೊಡು ಎನ್ನುವುದಿಲ್ಲ. ನೆಗ್ಗಿಲಿನ ಮೇಲೆ ನಡೆದ ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. ಅದು ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ ಎಂಬ ಪೊಟ್ಟಣದ ಮಾತಿಗೆ ಆರೋಗ್ಯವಂತರ ಮೇಲಿನ ಪರೀಕ್ಷೆಗಳಲ್ಲಿ ಆಧಾರ ಸಿಕ್ಕಿಲ್ಲ. ಅಶ್ವಗಂಧ, ಅಂದರೆ ಹಿರೇಮದ್ದಿನ ಗಿಡ, ನಿದ್ದೆಗೆ ಮತ್ತು ಮನಸ್ಸಿನ ಒತ್ತಡಕ್ಕೆ ಅಷ್ಟಿಷ್ಟು ಅನುಕೂಲವೆಂದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಟ್ಟದ್ದೂ ಇದೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ನಸುಗುನ್ನಿ ಬೀಜದಲ್ಲಿರುವ ಎಲ್-ಡೋಪಾ, ಪಾರ್ಕಿನ್ಸನ್ ಕಾಯಿಲೆಗೆ ವೈದ್ಯರು ಅಳೆದು ಕೊಡುವ ಔಷಧಿ. ಇನ್ನು ನೆಗ್ಗಿಲು: ದಕ್ಷಿಣ ಆಫ್ರಿಕದ ಒಣಸೀಮೆಯಲ್ಲಿ ಅದನ್ನು ಹೆಚ್ಚಾಗಿ ಮೇದ ಕುರಿಗಳಿಗೆ ಯಕೃತ್ತು ಕೆಟ್ಟು, ಬಿಸಿಲು ತಾಕಿ, ತಲೆ ಊದುವ ಕಾಯಿಲೆ ಬರುತ್ತದೆ. (ಮನುಷ್ಯ ಕುರಿಯಲ್ಲ, ಚಮಚ ಪುಡಿ ಹೊಲದ ಮೇವೂ ಅಲ್ಲ, ನಿಜ. ‘ಗಿಡ ತಾನೆ, ಏನೂ ಆಗುವುದಿಲ್ಲ’ ಎನ್ನುವವರಿಗೆ ಇಷ್ಟು ಸಾಕು.)

ಇದಕ್ಕಿಂತ ಭಯಪಡಬೇಕಾದದ್ದು, ಗಿಡಮೂಲಿಕೆ ಎಂದು ಬರೆದ ಪೊಟ್ಟಣ ತಿಂದ ಒಂದೇ ಗಂಟೆಯಲ್ಲಿ ಕೆಲಸ ಮಾಡಿದಾಗ. ಬೇರು ತೊಗಟೆಗಳಿಗೆ ಅಂಥ ಅವಸರವಿಲ್ಲ. ‘ಶುದ್ಧ ನೈಸರ್ಗಿಕ’ ಎಂದು ಮಾರುವ ಎಷ್ಟೋ ಸರಕುಗಳಲ್ಲಿ ಸಿಲ್ಡೆನಾಫಿಲ್ ಮಾತ್ರೆಯ ಪುಡಿ ಬೆರೆತಿರುವುದನ್ನು ಅಮೆರಿಕದ ಔಷಧ ಆಡಳಿತ ಮತ್ತೆ ಮತ್ತೆ ಪತ್ತೆಮಾಡಿದೆ. ಎದೆನೋವಿಗೆ ನಾಲಿಗೆಯಡಿ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವರು ತಿಳಿಯದೆ ಇದನ್ನು ನುಂಗಿದರೆ ರಕ್ತದೊತ್ತಡ ಒಮ್ಮೆಲೆ ಕುಸಿದು ಜೀವವೇ ಹೋಗಬಹುದು. ಸಿಂಗಪುರದಲ್ಲಿ 2008ರ ಮೊದಲ ಐದು ತಿಂಗಳಲ್ಲಿ, ಸಕ್ಕರೆ ಕಾಯಿಲೆಯೇ ಇಲ್ಲದ 150 ಮಂದಿ ರಕ್ತದ ಸಕ್ಕರೆ ಪಾತಾಳಕ್ಕಿಳಿದು ಆಸ್ಪತ್ರೆ ಸೇರಿದರು; ನಾಲ್ವರು ಸತ್ತರು. ಹುಡುಕಿದಾಗ ಸಿಕ್ಕಿದ್ದು ಕಳ್ಳದಾರಿಯಲ್ಲಿ ಮಾರಾಟವಾಗುತ್ತಿದ್ದ ಶಕ್ತಿಮದ್ದು. ಅದರಲ್ಲಿ ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಮಾತ್ರೆ ವಿಪರೀತವಾಗಿ ಬೆರೆತಿತ್ತು. ಆಸ್ಪತ್ರೆಯಲ್ಲಿ ಕೇಳಿದರೆ ಆ ಮದ್ದು ತಿಂದೆನೆಂದು ಒಪ್ಪಿಕೊಂಡವರು 45 ಮಂದಿ ಮಾತ್ರ!

ನಮ್ಮಲ್ಲೂ ಇಂಥ ಕಥೆಗೆ ಕೊರತೆಯಿಲ್ಲ. 2025ರ ನವೆಂಬರಿನಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪೊಲೀಸರಿಗೆ ದೂರು ಕೊಟ್ಟರು. ರಸ್ತೆಬದಿಯ ಟೆಂಟಿನಲ್ಲಿ ಕಂಡ ‘ಗುರೂಜಿ’ಯೊಬ್ಬ ಗ್ರಾಮಿಗೆ ಒಂದು ಲಕ್ಷ ಅರವತ್ತು ಸಾವಿರ ರೂಪಾಯಿಯಂತೆ ಬೂಟಿ ಕೊಳ್ಳಹೇಳಿದನಂತೆ. ಒಟ್ಟು ಕಳೆದುಕೊಂಡದ್ದು 48 ಲಕ್ಷ, ಮೇಲೆ ಮೂತ್ರಪಿಂಡಕ್ಕೂ ಪೆಟ್ಟು ಎನ್ನುತ್ತದೆ ದೂರು. ದುಡ್ಡು ನಗದಾಗಿಯೇ ಕೊಡಬೇಕು, ಜೊತೆಗೆ ಯಾರನ್ನೂ ಕರೆತರಬಾರದು ಎಂಬ ಕಟ್ಟಪ್ಪಣೆ ಬೇರೆ. ಓದಿದವರೂ ಹೀಗೆ ಮೋಸಹೋಗುತ್ತಾರೆಯೆ ಎಂದು ನಕ್ಕು ಸುಮ್ಮನಾಗುವುದು ಸುಲಭ. ನಾಚಿಕೆಗೂ ಡಿಗ್ರಿಗೂ ಸಂಬಂಧವಿಲ್ಲ. ವ್ಯಾಪಾರಿಗೆ ಆ ನಾಚಿಕೆಯೇ ಬಂಡವಾಳ.

ಹದಿಹರೆಯದ ಹುಡುಗರ ವಿಷಯ ಬೇರೆ. ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆಯೇ ಇರುವುದಿಲ್ಲ, ಭಯ ಮಾತ್ರ ಇರುತ್ತದೆ. ನಿದ್ದೆಯಲ್ಲಿ ವೀರ್ಯಸ್ಖಲನವಾಗುವುದು ಬೆಳೆಯುವ ದೇಹದ ಸಹಜ ಕ್ರಿಯೆ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ವೆಚ್ಚವಾಗುತ್ತದೆ ಎಂಬ ಲೆಕ್ಕ ಯಾವ ಪ್ರಯೋಗಶಾಲೆಯಿಂದಲೂ ಬಂದದ್ದಲ್ಲ. ಈ ಭಯದಿಂದಲೇ ಸುಸ್ತು, ನಿದ್ರಾಭಂಗ, ಓದಿನಲ್ಲಿ ಹಿಂದುಳಿಯುವುದು ಉಂಟಾಗುತ್ತದೆಂದು ಕಂಡ ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಅದಕ್ಕೆ ಬೇಕಾದದ್ದು ತಿಳಿದವರ ಎರಡು ಮಾತು.

ಲೈಂಗಿಕ ದೌರ್ಬಲ್ಯ ವಾಸಿಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರಲ್ಲೇ ಕೇಂದ್ರದ ಕಾನೂನು ನಿಷೇಧಿಸಿತು. ಚೀಟಿಗಳು ಮಾತ್ರ ನಿಂತಿಲ್ಲ.

ನಿಜವಾದ ‘ನೈಸರ್ಗಿಕ ಪರಿಹಾರ’ಕ್ಕೆ ಜಾಹೀರಾತು ಕೊಡುವವರೇ ಇಲ್ಲ, ಏಕೆಂದರೆ ಅದರಲ್ಲಿ ಲಾಭವಿಲ್ಲ. ಇಟಲಿಯಲ್ಲಿ ಈ ತೊಂದರೆಯಿದ್ದ 110 ಬೊಜ್ಜುದೇಹಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಊಟದ ಮಿತಿ ಮತ್ತು ವ್ಯಾಯಾಮವನ್ನು ಕ್ರಮವಾಗಿ ರೂಢಿ ಮಾಡಿಸಿದರು. ಎರಡು ವರ್ಷದ ನಂತರ ಆ ಗುಂಪಿನ 55 ಮಂದಿಯಲ್ಲಿ 17 ಮಂದಿ ಸರಿಹೋಗಿದ್ದರು, ಇನ್ನೊಂದು ಗುಂಪಿನಲ್ಲಿ ಮೂವರು ಮಾತ್ರ. ಇದು 2004ರಲ್ಲಿ ಪ್ರಕಟವಾಯಿತು. ಅಡಿಕೆ ಬೆಳೆಯುವ ಚನ್ನಗಿರಿ ಸೀಮೆಯವರು ಇದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು: ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು. ಅದರ ನಿಕೋಟಿನ್ ರಕ್ತನಾಳವನ್ನು ಕುಗ್ಗಿಸುತ್ತದೆ.

ದೊಡ್ಡವರು ಈ ತೊಂದರೆಗೆ ವೈದ್ಯರ ಬಳಿ ಹೋದರೆ ಮೊದಲು ಆಗಬೇಕಾದದ್ದು ರಕ್ತದ ಸಕ್ಕರೆ ಮತ್ತು ಬಿ.ಪಿ. ಪರೀಕ್ಷೆ. ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲೇ ಎರಡೂ ಆಗುತ್ತವೆ. ಹುಡುಗ ಹುಡುಗಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇದೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ಬೆಳಗ್ಗೆ ಏಳುವಾಗ ನಿಮಿರುವಿಕೆ ಎಂದಿನಂತೆ ಇದೆಯೆ ಎಂದು ವೈದ್ಯರು ಕೇಳಬಹುದು. ಇದ್ದರೆ ನರ, ನಾಳಗಳು ಸರಿಯಾಗಿವೆ, ತೊಂದರೆ ಮನಸ್ಸಿನ ಕಡೆಯದು ಎಂಬ ಸುಳಿವು ಅವರಿಗೆ ಸಿಗುತ್ತದೆ. ಈಗಾಗಲೇ ಯಾವುದಾದರೂ ಪುಡಿ ತಿನ್ನುತ್ತಿದ್ದರೆ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸುವುದು ಒಳ್ಳೆಯದು, ಅದರ ಮೇಲೆ ಹೆಸರು, ವಿಳಾಸ ಏನೂ ಇಲ್ಲದಿದ್ದರೂ ಸರಿ.